ಮಗಳಿಗೊಂದು ಪತ್ರ: ಆ ಡಬ್ಬಿಗಳು ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಒಂದೊಂದಾಗಿ ಓದಿದೆ. ಪುಡಿ, ಮಾತ್ರೆ, ಹನಿ, ಎಲ್ಲದರ ಮೇಲೂ ಒಂದೇ ಮಾತು: ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ. ಇದರಲ್ಲಿ ಯಾವುದನ್ನು ತರಿಸಲಿ ಅಮ್ಮ ಎಂದು ಕೇಳಿದ್ದೀಯ. ಯಾವುದನ್ನೂ ತರಿಸಬೇಡ. ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟರೆ ನಿನಗೆ ಸಮಾಧಾನವಾಗುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ನಿನಗಿರುವುದು ಲೂಪಸ್. ಅದರಲ್ಲಿ ದೇಹದ ಕಾವಲು ಪಡೆ ಸೋತು ಮಲಗಿರುವುದಿಲ್ಲ, ತನ್ನ ಮನೆಯವರನ್ನೇ ಕಳ್ಳರೆಂದು ತಿಳಿದು ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ಬೀಳುತ್ತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲೆಂದೇ ಡಾಕ್ಟರು ಪ್ರೆಡ್ನಿಸೊಲೋನ್, ಅಜಥಯೋಪ್ರಿನ್ ಕೊಟ್ಟಿರುವುದು. ಹಾಗೆ ಹಿಡಿದಾಗ ನಿಜವಾದ ಸೋಂಕು ಬಂದರೂ ಅದು ಮೊದಲಿನಷ್ಟು ಚುರುಕಾಗಿ ಎದ್ದು ಬರುವುದಿಲ್ಲ. ನಿನ್ನ ಶಕ್ತಿ ಕುಗ್ಗಿರುವುದು ಹೀಗೆ, ಬೇಕೆಂದೇ. ಅಂಥದ್ದರಲ್ಲಿ ಬೆಳಿಗ್ಗೆ ಅದನ್ನು ತಗ್ಗಿಸುವ ಮಾತ್ರೆ ನುಂಗಿ, ರಾತ್ರಿ ಅದನ್ನು ಕೆರಳಿಸುವ ಪುಡಿ ಕುಡಿದರೆ ಏನು ಬಂತು? ನಿನ್ನ ಪಟ್ಟಿಯಲ್ಲಿರುವ ಎಕಿನೇಶಿಯ ಎಂಬ ಗಿಡಮೂಲಿಕೆ ಲೂಪಸ್ ಇರುವವರಿಗೆ ಬೇಡ ಎಂದೇ ತಜ್ಞರು ಹೇಳುತ್ತಾರೆ. ಅಲ್ಫಾಲ್ಫಾ ಎಂಬ ಸೊಪ್ಪಿನ ಪುಡಿ, ಮಾತ್ರೆ ಕೂಡ ಅಷ್ಟೇ. ಅದರಲ್ಲಿರುವ ಎಲ್-ಕೆನವನಿನ್ ಎಂಬ ಅಂಶ ಕಾಯಿಲೆಯನ್ನು ಕೆದಕಬಲ್ಲದು. ಜಿಂಕ್ ಮಾತ್ರೆ ನಿರಪಾಯ ಅನ್ನಿಸುತ್ತದೆ, ಆದರೆ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಅದರ ಮಿತಿ. ತಿಂಗಳುಗಟ್ಟಲೆ ಅದನ್ನು ಬಹಳ ಮೀರಿದರೆ ಮೈಯಲ್ಲಿ ತಾಮ್ರದ ಅಂಶ ಇಳಿದು ಬಿಳಿ ರಕ್ತಕಣಗಳೇ ಕಡಿಮೆಯಾಗುತ್ತವೆ. ಶಕ್ತಿಗೆಂದು ತೆಗೆದುಕೊಂಡದ್ದು ಇದ್ದ ಶಕ್ತಿಯನ್ನೂ ತಿಂದಂತೆ.

ವಿಟಮಿನ್ ಡಿ ಒಂದರ ಮಾತು ಬೇರೆ. ಬಿಸಿಲು ಲೂಪಸ್ಸಿಗೆ ಆಗದ್ದರಿಂದ ನೀನು ನೆರಳಲ್ಲೇ ಇರುತ್ತೀಯ, ಅದು ಕಡಿಮೆಯಿರುವ ಸಾಧ್ಯತೆ ಇದ್ದೇ ಇದೆ. ರಕ್ತದಲ್ಲಿ ಎಷ್ಟಿದೆ ಎಂದು ನೋಡಿಸಿ, ಡಾಕ್ಟರು ಬರೆದುಕೊಟ್ಟಷ್ಟೇ ತೆಗೆದುಕೋ.

ಈಗ ನಾವು ಮಾಡಬೇಕಾದ್ದು ಸೋಂಕು ಒಳಗೆ ಬರುವ ದಾರಿಗಳನ್ನು ಚಿಕ್ಕದು ಮಾಡುವುದು. ಮೊದಲನೆಯದು ಕೈ. ನೀನು ಕೈ ತೊಳೆಯುವುದನ್ನು ನೋಡಿದ್ದೇನೆ. ಅಂಗೈ ಎರಡು ಸಲ ಉಜ್ಜಿ ನಲ್ಲಿ ನಿಲ್ಲಿಸುತ್ತೀಯ. ಸೋಪು ಹಚ್ಚಿಕೊಂಡು 20 ಸೆಕೆಂಡಾದರೂ ಉಜ್ಜು. ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸು, ಬೆರಳ ಸಂದಿ ತಿಕ್ಕು, ಉಗುರ ತುದಿಗಳನ್ನು ಅಂಗೈ ಮೇಲೆ ಗೀರು. ಎಲ್ಲರೂ ಬಿಟ್ಟುಬಿಡುವುದು ಹೆಬ್ಬೆರಳು ಮತ್ತು ಉಗುರುಗಳನ್ನೇ. ಆಮೇಲೆ ಚೆನ್ನಾಗಿ ಒರೆಸಿಕೋ, ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತದೆ. ಬ್ಯಾಗಿನಲ್ಲಿರುವ ಸ್ಯಾನಿಟೈಸರ್ ಇರಲಿ, ಆದರೆ ವಾಂತಿ ಭೇದಿ ತರುವ ನೊರೊವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಶೌಚಾಲಯದಿಂದ ಬಂದಾಗ, ಊಟಕ್ಕೆ ಕೂರುವ ಮುಂಚೆ ಸೋಪು ನೀರೇ ಆಗಬೇಕು.

ಅಡುಗೆ ಮಾಡಿಕೊಳ್ಳುವಾಗ ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೆ ತರಕಾರಿ ಹೆಚ್ಚಬೇಡ. ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಹಸಿ ಮೊಳಕೆಕಾಳು ಸದ್ಯಕ್ಕೆ ಬಿಟ್ಟುಬಿಡು. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಫ್ರಿಜ್ಜಿನ ಒಳಗೆ 5 ಡಿಗ್ರಿಗಿಂತ ಕಡಿಮೆ ಇದೆಯೇ ಎಂದು ಒಮ್ಮೆ ನೋಡು. ಅಲ್ಲಿಟ್ಟ ಮೇಲೂ ಹೆಚ್ಚು ದಿನ ಉಳಿಸಬೇಡ. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಣ್ಣಗೂ ಬೆಳೆಯುತ್ತದೆ.

ಕಿಕ್ಕಿರಿದ, ಕಿಟಕಿಯಿಲ್ಲದ ಜಾಗದಲ್ಲಿ ಎನ್95 ಮಾಸ್ಕ್ ಹಾಕಿಕೋ. ಕೆಮ್ಮುವವರು ಪಕ್ಕದಲ್ಲಿದ್ದರೆ ಸಂಕೋಚಪಡದೆ ಎದ್ದು ಬೇರೆ ಕಡೆ ಕೂರು. ಈ ಸಂಕೋಚದ ವಿಷಯ ಒತ್ತಿ ಹೇಳುತ್ತೇನೆ, ಏಕೆಂದರೆ ಚಿಕ್ಕಂದಿನಿಂದ ಯಾರ ಮನಸ್ಸನ್ನೂ ನೋಯಿಸದ ಹುಡುಗಿ ನೀನು.

ಇನ್ನು ನಿನ್ನ ನಿದ್ದೆ. ರಾತ್ರಿ ಒಂದು ಗಂಟೆಗೆ ನಿನ್ನ ಮೆಸೇಜು ಬಂದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 153 ಆರೋಗ್ಯವಂತರ ನಿದ್ದೆಯ ಲೆಕ್ಕ ಬರೆದಿಟ್ಟುಕೊಂಡು, ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ ಹನಿಸಿದರು. ಎಂಟು ಗಂಟೆ, ಅದಕ್ಕಿಂತ ಹೆಚ್ಚು ಮಲಗುತ್ತಿದ್ದವರಿಗೆ ಹೋಲಿಸಿದರೆ, ಏಳು ಗಂಟೆಗೂ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹತ್ತುವ ಸಂಭವ ಸುಮಾರು ಮೂರು ಪಟ್ಟಿತ್ತು. ಯಾವ ಡಬ್ಬಿಯ ಪುಡಿಗೂ ಇಂಥ ಲೆಕ್ಕ ಕಾಣೆ. ನಿದ್ದೆ ಬರುತ್ತಿಲ್ಲ ಅನ್ನುತ್ತೀಯ, ಸರಿ, ಪ್ರೆಡ್ನಿಸೊಲೋನ್ ನಿದ್ದೆ ಕೆಡಿಸುತ್ತದೆ. ಅದನ್ನು ಬೆಳಿಗ್ಗೆ ತಿಂಡಿಯ ಜೊತೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳು.

ಲಸಿಕೆಗಳ ವಿಷಯ ನಿನ್ನ ಡಾಕ್ಟರಿಗೇ ಬಿಡು, ಆದರೆ ಕೇಳದೇ ಬಿಡಬೇಡ. ಫ್ಲೂ ಮತ್ತು ನ್ಯುಮೋನಿಯಾ ಚುಚ್ಚುಮದ್ದುಗಳಲ್ಲಿ ಜೀವಂತ ರೋಗಾಣು ಇರುವುದಿಲ್ಲ. ದಡಾರ, ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆಗಳು ಜೀವಂತ ಲಸಿಕೆಗಳು, ಈ ಮಾತ್ರೆಗಳ ಮೇಲಿರುವಾಗ ಅವುಗಳನ್ನು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ನಾನೂ ನಿಮ್ಮಪ್ಪನೂ ಈ ವರ್ಷದ ಫ್ಲೂ ಲಸಿಕೆ ಹಾಕಿಸಿಕೊಂಡಾಯಿತು. ನಿನ್ನ ಜೊತೆ ರೂಮಿನಲ್ಲಿರುವ ಹುಡುಗಿಗೂ ಹೇಳಿ ನೋಡು. ಅವಳಿಗೆ ಬರದಿದ್ದರೆ ನಿನಗೆ ತಗುಲುವುದೂ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ದಿಂಬಿನ ಪಕ್ಕ ಥರ್ಮಾಮೀಟರ್ ಇಟ್ಟುಕೋ. 38 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 100.4 ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡ, ಆಗಲೇ ಆಸ್ಪತ್ರೆಗೆ ಫೋನ್ ಮಾಡು. ಜ್ವರ ಎಷ್ಟಿದೆ ಎಂದು ನೋಡುವ ಮುಂಚೆ ಪ್ಯಾರಾಸಿಟಮಾಲ್ ನುಂಗಬೇಡ, ಅದು ಜ್ವರವನ್ನು ಮುಚ್ಚಿಹಾಕುತ್ತದೆ. ಪ್ರೆಡ್ನಿಸೊಲೋನ್ ಕೂಡ ಹಾಗೇ ಮಾಡಬಲ್ಲದು, ಆದ್ದರಿಂದ ಮೈ ಬಿಸಿಯಿಲ್ಲದಿದ್ದರೂ ನಡುಕ, ಉಸಿರಾಟದ ತೊಂದರೆ, ಉರಿಮೂತ್ರ, ಕೆಂಪಗೆ ಹರಡುತ್ತಿರುವ ಗಾಯ ಕಂಡರೆ ಅದನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೋ. ಫೋನ್ ಎತ್ತಿದವರಿಗೆ ಮೊದಲು ನೀನು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಹೇಳು. ಅಜಥಯೋಪ್ರಿನ್ ಕೆಲವು ದಿನ ನಿಲ್ಲಿಸಬೇಕೇ ಎಂದು ಅವರನ್ನೇ ಕೇಳು. ಪ್ರೆಡ್ನಿಸೊಲೋನ್ ಮಾತ್ರ ನೀನಾಗಿ ಯಾವತ್ತೂ ಥಟ್ಟನೆ ನಿಲ್ಲಿಸಕೂಡದು. ಅದನ್ನು ತುಂಬ ದಿನ ತೆಗೆದುಕೊಂಡ ದೇಹ ತನ್ನದೇ ಕಾರ್ಟಿಸೋಲ್ ಎಂಬ ಹಾರ್ಮೋನು ತಯಾರಿಸುವುದನ್ನು ಮರೆತಿರುತ್ತದೆ, ಜೀವಕ್ಕೇ ಅಪಾಯವಾಗಬಹುದು.

ಈ ಸಲದ ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಕೂಡಲೇ ಬಿಳಿ ರಕ್ತಕಣಗಳ ಸಾಲಿನ ಫೋಟೋ ನನಗೂ ಕಳಿಸು. ಡಬ್ಬಿಗಳಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಆ ಥರ್ಮಾಮೀಟರ್ ಕೊಂಡುಕೋ.

ಇಂತಿ ನಿನ್ನ
ಅಮ್ಮ