ಆ ಈಂತಿನ ಮರ ಗೊಡ್ಡಲ್ಲ ಮಾಣಿ

ಮಾಣಿ,

ನಿನ್ನೆ ನೀನು ಹೇಳಿದ ಮಾತು ರಾತ್ರಿ ಇಡೀ ತಲೆಯಲ್ಲೇ ಇತ್ತು. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸುರಂಗದ ಮೇಲಿನ ಗುಡ್ಡೆ ಸಮ ಮಾಡಿ ಅಡಿಕೆ ಸಸಿ ಇಡು, ಬೇಡ ಅನ್ನುವುದಿಲ್ಲ. ಆ ಈಂತಿನ ಮರಕ್ಕೆ ಮಾತ್ರ ಜೆಸಿಬಿ ತಾಗಿಸಬೇಡ. ಅಪ್ಪನ ಕಾಲದಿಂದ ಒಂದು ಕಾಯಿ ಬಿಟ್ಟದ್ದಿಲ್ಲ, ಗೊಡ್ಡು ಮರ ಅಂದೆಯಲ್ಲ. ಅದು ಗೊಡ್ಡಲ್ಲ, ಗಂಡು ಮರ.

ನಮಗೆ ಅಡಿಕೆ ನೋಡಿ ಅಭ್ಯಾಸ. ಒಂದೇ ಹಿಂಗಾರದಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ, ಹಾಗಾಗಿ ಮರ ಅಂದರೆ ಫಲ ಕೊಡಲೇಬೇಕು ಅಂದುಕೊಳ್ಳುತ್ತೇವೆ. ಈಂತು ಹಾಗಲ್ಲ. ಪುಸ್ತಕದಲ್ಲಿ ಅದಕ್ಕೆ ಸೈಕಸ್ ಅನ್ನುತ್ತಾರೆ. ನೋಡಲು ತಾಳೆ ಜಾತಿಯ ಹಾಗಿದೆ, ಆದರೆ ಅದರ ನಂಟು ಪೈನ್, ದೇವದಾರುಗಳ ಜೊತೆ. ಹೂವೇ ಇಲ್ಲದ, ಹಣ್ಣೇ ಇಲ್ಲದ, ಬೀಜವನ್ನು ಬತ್ತಲೆಯಾಗಿ ಹೊರುವ ಗುಂಪು ಅದು. ಪೈನಿನಲ್ಲಿ ಒಂದೇ ಮರದಲ್ಲಿ ಗಂಡು ಕೋನ್ (ಎಸಳು ಒತ್ತೊತ್ತಾಗಿ ಜೋಡಿಸಿದ ದಿಂಡು), ಹೆಣ್ಣು ಕೋನ್ ಎರಡೂ ಬರುತ್ತವೆ, ಈಂತಿನಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ.

ನಮ್ಮ ಮರದ ನೆತ್ತಿಯಲ್ಲಿ ಯಾವಾಗಲಾದರೂ ಮೊಳದುದ್ದದ ಕಂದು ಬಣ್ಣದ ದಿಂಡು ಎದ್ದು ನಿಂತದ್ದು ನೋಡಿದ್ದೀಯಾ? ಅದೇ ಗಂಡು ಕೋನ್. ಒಂದೊಂದು ಎಸಳಿನ ಅಡಿಯಲ್ಲೂ ಪರಾಗದ ಚೀಲಗಳು ತುಂಬಿರುತ್ತವೆ. ಪರಾಗ ಬಿಡುವಾಗ ಗಾಢವಾದ ವಾಸನೆ ಬರುತ್ತದೆ, ಪುಟ್ಟ ದುಂಬಿಗಳು ಮುತ್ತುತ್ತವೆ. ತೋಡಿನ ಆಚೆ ಇರುವ ಹೆಣ್ಣು ಮರದಲ್ಲಿ ಇಂಥ ಬಿಗಿ ಕೋನ್ ಇಲ್ಲ. ನೆತ್ತಿಯಲ್ಲಿ ಕಂದು ರೋಮದ ಸಣ್ಣ ಎಲೆಗಳ ಸುತ್ತು ಬರುತ್ತದೆ, ಅವುಗಳ ಅಂಚಿನಲ್ಲೇ ಅಂಡಕಗಳು, ಅಂದರೆ ಮುಂದೆ ಬೀಜವಾಗುವ ಮೊಗ್ಗುಗಳು, ಕೂತಿರುತ್ತವೆ. ಅಂಡಕದ ತುದಿಯ ಸಣ್ಣ ತೂತಿನಲ್ಲಿ ಒಂದು ಹನಿ ಅಂಟು ನೀರು ಹೊರಡುತ್ತದೆ. ದುಂಬಿಯೋ ಗಾಳಿಯೋ ತಂದ ಪರಾಗ ಆ ಹನಿಗೆ ಅಂಟುತ್ತದೆ, ಹನಿ ಒಣಗುತ್ತಾ ಒಳಗೆ ಸರಿಯುವಾಗ ಪರಾಗವನ್ನೂ ಎಳೆದುಕೊಂಡು ಹೋಗುತ್ತದೆ.

ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಒಳಗೆ ಪರಾಗದ ನಳಿಕೆ ಬೇರಿನ ಹಾಗೆ ಅಂಡಕದ ಒಳಗೇ ಆಹಾರ ಹೀರಿ ಬೆಳೆಯುತ್ತದೆ. ಕೊನೆಗೆ ಅದು ಒಡೆದು ವೀರ್ಯಾಣುಗಳು ಹೊರಗೆ ಬಂದು, ಸಾವಿರಾರು ಕೂದಲಿನಂಥ ಬಾಲಗಳನ್ನು ಆಡಿಸುತ್ತಾ ಈಜಿ ಹೋಗಿ ಅಂಡಾಣು ಸೇರುತ್ತವೆ. ಮರದೊಳಗೆ ಈಜು! ಪೈನಿನ ವೀರ್ಯಾಣುವಿಗೆ ಬಾಲವಿಲ್ಲ, ನಳಿಕೆಯೇ ಅದನ್ನು ಹೊತ್ತು ಮುಟ್ಟಿಸುತ್ತದೆ. ಈಜುವ ರೀತಿ ಪಾಚಿ, ಜರಿಗಿಡಗಳ ಕಾಲದ್ದು. 1896ರಲ್ಲಿ ಜಪಾನಿನ ಸಸ್ಯವಿಜ್ಞಾನಿ ಹಿರಾಸೆ ಗಿಂಕ್ಗೊ ಮರದಲ್ಲಿ ಈ ಈಜುವ ವೀರ್ಯಾಣುವನ್ನು ಕಂಡರು, ಅದೇ ವರ್ಷ ಇಕೆನೊ ಸೈಕಸ್‌ನಲ್ಲಿ ಕಂಡರು. ನಾನು ಶಾಲೆಯಲ್ಲಿ ಪಾಠ ಮಾಡುವಾಗ ವರ್ಷ ವರ್ಷವೂ ಗೋಡೆಗೆ ಪೈನಿನ ಚಾರ್ಟ್ ತೂಗುಹಾಕಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಮನೆಯ ಹಿಂದೆ ಇಂಥದ್ದು ನಿಂತಿದೆ, ಒಂದು ಸಲ ಕರೆದುಕೊಂಡು ಬಂದು ತೋರಿಸೋಣ ಅಂತ ಅನ್ನಿಸಲೇ ಇಲ್ಲ. ಆ ಬೇಸರ ಇನ್ನೂ ಇದೆ.

ನೀನು ಕೇಳಬಹುದು, ಗಂಡು ಹೋದರೂ ತೋಡಿನಾಚೆಯ ಮರದಲ್ಲಿ ಕಾಯಿ ಆಗುತ್ತದಲ್ಲ ಅಂತ. ಮೊದಲನೆಯದು, ಅದು ಕಾಯಿಯಲ್ಲ, ಬೀಜ. ಎರಡನೆಯದು, ಈಂತಿನ ಅಂಡಕ ಪರಾಗ ಸಿಗದಿದ್ದರೂ ಎಷ್ಟೋ ಸಲ ಪೂರ್ತಿ ಗಾತ್ರಕ್ಕೆ ಬೆಳೆಯುತ್ತದೆ. ಹೊರಗೆ ಹಳದಿಯಾಗಿ ಚಂದ ಕಾಣುತ್ತದೆ, ಒಳಗೆ ಹಿಟ್ಟೂ ಇರುತ್ತದೆ, ಯಾಕೆಂದರೆ ಆ ಹಿಟ್ಟಿನ ಭಾಗ ಗರ್ಭ ಕಟ್ಟುವ ಮೊದಲೇ ಆಗಿಬಿಟ್ಟಿರುತ್ತದೆ. ಭ್ರೂಣ ಮಾತ್ರ ಇರುವುದಿಲ್ಲ. ನೆಟ್ಟರೆ ಮೊಳೆಯದು. ನಮ್ಮ ಅಮ್ಮ ಆ ಬೀಜ ಒಡೆದು, ಒಣಗಿಸಿ, ದಿನಗಟ್ಟಲೆ ನೀರು ಬದಲಿಸಿ ನೆನೆಸಿ ಹಿಟ್ಟು ಮಾಡುತ್ತಿದ್ದರು. ವಿಷ ಇಳಿಯಬೇಕಲ್ವಾ. (ಹಸಿ ಬೀಜ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೋ, ಎಳೆ ಸೋಗೆ ದನಕ್ಕೂ ಹಾಕಬೇಡ, ಹಿಂಗಾಲು ಬಿದ್ದುಹೋಗುತ್ತದೆ.) ಹಿಟ್ಟಿಗೆ ಗಂಡು ಬೇಡ, ಸಸಿಗೆ ಬೇಕು. ಮದುವೆ ಚಪ್ಪರಕ್ಕೂ ಜಾತ್ರೆಗೂ ಸೋಗೆ ಕಡಿದು ಕಡಿದು, ಗುಡ್ಡೆ ಅಗೆದು ಅಗೆದು, ಈಂತು ಈಗ ಅಳಿವಿನಂಚಿನ ಮರಗಳ ಪಟ್ಟಿಗೆ ಸೇರಿದೆ. ಮರ ಬೆಳೆಯುವುದೂ ತುಂಬಾ ನಿಧಾನ.

ಹಾಗಾಗಿ ಇಷ್ಟು ಮಾಡು. ಬುಡದ ಸುತ್ತ ಎಂಟು ಹತ್ತು ಅಡಿ ಮುಟ್ಟಬೇಡ. ಮಣ್ಣಿನ ಮೇಲ್ಭಾಗದಲ್ಲೇ ಹವಳದ ಹಾಗೆ ಕವಲೊಡೆದ ಗಿಡ್ಡ ಬೇರುಗಳು ಇರುತ್ತವೆ, ಅದರೊಳಗಿನ ನೀಲಿಹಸಿರು ಪಾಚಿ ಗಾಳಿಯ ಸಾರಜನಕ ಹಿಡಿದು ಮರಕ್ಕೆ ಕೊಡುತ್ತದೆ, ಜೆಸಿಬಿಯ ಚಕ್ರಕ್ಕೆ ಮೊದಲು ಹೋಗುವುದು ಅದೇ. ಕಾಂಡದ ಮೇಲೆ ಗಡ್ಡೆಯ ಹಾಗೆ ಮರಿಗಳು ಬಂದಿದ್ದರೆ ಒಂದೆರಡು ಬಿಡಿಸಿ ನೆರಳಲ್ಲಿ ನೆಡು. ಅವೂ ಗಂಡೇ ಆಗುತ್ತವೆ. ನನಗೂ ಒಂದು ಎತ್ತಿಡು, ಇಲ್ಲಿ ಬಾವಿಯ ಪಕ್ಕ ಜಾಗವಿದೆ.

ಮುಂದಿನ ಸಲ ನೆತ್ತಿಯಲ್ಲಿ ಕೋನ್ ಎದ್ದ ದಿನವೇ ಫೋನ್ ಮಾಡು. ಬದಿಯಡ್ಕದ ಬಸ್ ಹಿಡಿದು ಬರುತ್ತೇನೆ. ನಿನ್ನ ಮಗಳನ್ನು ಆ ದಿನ ಶಾಲೆಗೆ ಕಳಿಸಬೇಡ.

ದೊಡ್ಡಮ್ಮ