ನಮ್ಮ ಪೋಸ್ಟ್ ತಾತ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ವಂದನೆಗಳು. ಶಾಲೆಯ ಮಕ್ಕಳೆಲ್ಲ 'ಪೋಸ್ಟ್ ತಾತ' ಎಂದೇ ಕರೆಯುತ್ತಿದ್ದ, ಹನುಮಂತನಗರದ ಈ ಭಾಗದ ಬಹುಪಾಲು ಮನೆಗಳಿಗೆ ಬೇಕಾದವರಾಗಿದ್ದ ಹಿರಿಯರು ಕಳೆದ ವಾರ ತೀರಿಕೊಂಡ ವಿಷಯ ನಿಮಗೆ ತಿಳಿದೇ ಇದೆ. ಸೋಮವಾರದ ಪ್ರಾರ್ಥನೆಯ ವೇಳೆ ಮಕ್ಕಳೊಂದಿಗೆ ಅವರಿಗೆ ಶ್ರದ್ಧಾಂಜಲಿ ಸಲ್ಲಿಸಿದೆವು.

ವೃದ್ಧಾಪ್ಯ ವೇತನವೂ ವಿಧವಾ ವೇತನವೂ ಮನಿಯಾರ್ಡರ್ ಮೂಲಕ ಮನೆಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ ಅವರು ಇಲ್ಲಿ ಅಂಚೆ ಹಂಚುತ್ತಿದ್ದರು. ಯಾವ ಮನೆಯ ಅಜ್ಜಿ ಒಂಟಿಯಾಗಿದ್ದಾರೆ, ಯಾರಿಗೆ ಕಣ್ಣು ಮಂಜಾಗಿದೆ, ಯಾರ ಹಣ ಕೈ ಸೇರಿದ ದಿನವೇ ಬೇರೆಯವರ ಪಾಲಾಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮುಂದೆ ಆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗತೊಡಗಿದಾಗ ಅನುಕೂಲವೇ ಆಯಿತು; ಆದರೆ ಆಧಾರ್ ಜೋಡಣೆ, ಕೆವೈಸಿ, ಒಟಿಪಿಗಳ ಮುಂದೆ ಅಕ್ಷರ ಬಾರದ ಹಿರಿಯರು ದಿಕ್ಕುತೋಚದೆ ನಿಂತರು. ನಿವೃತ್ತರಾದ ಮೇಲೆ, ಶನಿವಾರ ಶಾಲೆ ಬಿಟ್ಟ ನಂತರ ನಮ್ಮ ಜಗಲಿಯಲ್ಲಿ ಕೂರಲು ಅವರು ಅನುಮತಿ ಕೇಳಿದ್ದು ಇದೇ ಕಾರಣಕ್ಕೆ.

65 ವರ್ಷ ದಾಟಿದವರಿಗಾಗಿ ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಎಂಬ ಪಿಂಚಣಿ ಯೋಜನೆಯ ಅರ್ಜಿಗಳನ್ನು ಅವರು ತುಂಬಿಕೊಡುತ್ತಿದ್ದರು. ಅಗತ್ಯವಿದ್ದರೆ ನಾಡಕಚೇರಿಗೂ ಜೊತೆಯಲ್ಲಿ ಹೋಗುತ್ತಿದ್ದರು. ನವೆಂಬರ್ ಬಂತೆಂದರೆ, ಪಿಂಚಣಿ ನಿಲ್ಲದಿರಲು ತಾವು ಬದುಕಿದ್ದೇವೆಂದು ದೃಢಪಡಿಸುವ ಲೈಫ್ ಸರ್ಟಿಫಿಕೇಟ್ ಕೊಡಬೇಕಾದ ನಿವೃತ್ತ ನೌಕರರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ವಯಸ್ಸಾದಂತೆ ಬೆರಳ ಗೆರೆಗಳು ಸವೆದು ಯಂತ್ರ ಬೆರಳಚ್ಚನ್ನು ಗುರುತಿಸದೆ ಹೋಗುವುದುಂಟು. ಹಾಗೆ ವಾಪಸು ಬಂದವರಿಗೆ ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿಯೂ ಪ್ರಮಾಣಪತ್ರ ಪಡೆಯಬಹುದೆಂದು ತಿಳಿಸಿ, ಅಲ್ಲೇ ಕೂರಿಸಿ ಮಾಡಿಸಿಕೊಡುತ್ತಿದ್ದರು. ಒಟಿಪಿಯನ್ನು ಮಾತ್ರ ತಮಗೂ ಹೇಳಬಾರದೆಂದು ಗದರುತ್ತಿದ್ದರು. ಅದನ್ನು ಹಿರಿಯರೇ ಒತ್ತಬೇಕು, ಬಾರದಿದ್ದರೆ ಕಲಿಯಬೇಕು. ಏಳನೇ ತರಗತಿಯ ಮಕ್ಕಳಿಂದ ಅರ್ಜಿಯ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿ, ಎದುರಿಗಿದ್ದವರು ಹೂಂಗುಟ್ಟಿದ ಮೇಲೆಯೇ ಪೆನ್ನು ಹಿಡಿಯುತ್ತಿದ್ದರು. ನಮ್ಮ ಮಕ್ಕಳ ಓದು ಸುಧಾರಿಸಿದ್ದರಲ್ಲಿ ಆ ಜಗಲಿಯ ಪಾಲೂ ಇದೆಯೆಂದು ನಾನು ನಂಬಿದ್ದೇನೆ.

ಇನ್ನೊಂದು ವಿಷಯ ಕೆಲವರಿಗೆ ಮುಜುಗರ ತರಬಹುದು, ಆದರೂ ಬಿಡಲಾರೆ. ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡಲು ಹೊರಟ ಹಿರಿಯರಿಗೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲಿ ಬರೆಸದೆ ಸಹಿ ಹಾಕಬೇಡಿ ಎಂದು ಅವರು ಎಲ್ಲರೆದುರೇ ಹೇಳುತ್ತಿದ್ದರು. ಅಂಥ ಷರತ್ತಿದ್ದು ಮಕ್ಕಳು ಕೈಬಿಟ್ಟರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ಇದರಿಂದ ಅವರು ಕೆಲವರ ನಿಷ್ಠುರವನ್ನೂ ಕಟ್ಟಿಕೊಂಡರು. ತೊಂದರೆಯಲ್ಲಿರುವ ಹಿರಿಯರಿಗಾಗಿ ಇರುವ 1090 ಮತ್ತು 14567 ಸಹಾಯವಾಣಿ ಸಂಖ್ಯೆಗಳನ್ನು ಅವರೇ ನಮ್ಮ ಸೂಚನಾ ಫಲಕದಲ್ಲಿ ಬರೆದಿದ್ದರು. ಅವನ್ನು ಅಳಿಸದಂತೆ ತಿಳಿಸಿದ್ದೇನೆ.

ಅವರ ಭಾವಚಿತ್ರದ ಫ್ಲೆಕ್ಸ್ ಹಾಕಿಸೋಣವೆಂದು ಕೆಲವು ಪೋಷಕರು ಪ್ರೀತಿಯಿಂದ ಕೇಳಿದ್ದೀರಿ. ಬೀದಿಯಲ್ಲಿ ಫ್ಲೆಕ್ಸ್ ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದವರಿಗೆ ಅದು ಒಪ್ಪುವುದಿಲ್ಲ. ಹಣ ಸಂಗ್ರಹವೂ ಬೇಡ. ಅದರ ಬದಲು ಶನಿವಾರದ ಕೆಲಸವನ್ನು ಮುಂದುವರಿಸಲು ಶಾಲಾಭಿವೃದ್ಧಿ ಸಮಿತಿ ಒಪ್ಪಿದೆ. ಬ್ಯಾಂಕ್, ಅಂಚೆ ಅಥವಾ ಕಂದಾಯ ಇಲಾಖೆಯ ಕೆಲಸ ಬಲ್ಲ ಪೋಷಕರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು. ಏಳನೇ ತರಗತಿಯ ಮಕ್ಕಳು ಓದಿ ಹೇಳಲು ಉಳಿಯಬೇಕಾದರೆ ನಿಮ್ಮ ಒಪ್ಪಿಗೆ ಅಗತ್ಯ. ಮಗುವಿನ ಡೈರಿಯಲ್ಲಿ ಬರೆದು ಶುಕ್ರವಾರದೊಳಗೆ ಕಳಿಸಿ.

ಮನೆಯ ಹಿರಿಯರನ್ನು ಕಳಿಸುವಾಗ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳ ಜೆರಾಕ್ಸ್ ಪ್ರತಿ ಕೊಟ್ಟುಕಳಿಸಿ. ಒಟಿಪಿ ಬರುವ ಮೊಬೈಲ್ ನಿಮ್ಮ ಬಳಿ ಇದ್ದರೆ, ದಯವಿಟ್ಟು ಅದನ್ನೂ ಅವರ ಕೈಗೇ ಕೊಡಿ.

ಇಂತಿ,
ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ