ಬಿಳಿ ಮೀನಿನ ಗಾಳಕ್ಕೆ ಕಾಲದ ಕಟ್ಟಳೆ ಬೇಕು

ಮಾನ್ಯರೇ,

ಮಳೆಗಾಲ ಮುಗಿದು ಕಾವೇರಿಯ ಕೆಂಪು ನೀರು ತಿಳಿಯಾಗುತ್ತಿದ್ದಂತೆ ಕೊಡಗಿನ ಹೊಳೆದಂಡೆಯಲ್ಲಿ ಫ್ಲೈ ರಾಡ್ (ಗರಿ, ನೂಲಿನಿಂದ ಕಟ್ಟಿದ ಹುಸಿ ಹುಳು, ಅಂದರೆ ಫ್ಲೈ, ಎಸೆಯುವ ಗಾಳದ ಕೋಲು) ಹಿಡಿದವರು ಕಾಣಿಸಿಕೊಳ್ಳುತ್ತಾರೆ. ಬಿಳಿ ಮೀನು, ಅಂದರೆ ಮಹಶೀರ್, ಹಿಡಿದರೆ ಬಿಟ್ಟುಬಿಡಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಯಾವ ತಿಂಗಳಲ್ಲಿ, ಎಂಥ ಕೊಕ್ಕೆಯಲ್ಲಿ ಹಿಡಿದರು, ಎಷ್ಟು ಹೊತ್ತು ಎಳೆದಾಡಿಸಿದರು ಎಂಬುದರ ಮೇಲೆ ಅದರ ಉಳಿವು ನಿಂತಿದೆ. ಗಾಳ ಹಾಕಲು ಪರ್ಮಿಟ್ ಕೊಡುವವರು ಇದನ್ನೆಲ್ಲ ಷರತ್ತಾಗಿ ಬರೆಯಬೇಕು.

ಕಾವೇರಿಯ ಮೂಲ ಮಹಶೀರ್ ಕಿತ್ತಳೆ ರೆಕ್ಕೆಯ, ಬೆನ್ನಿನ ಮೇಲೆ ಡುಬ್ಬವಿರುವ ಮೀನು. 2018ರಲ್ಲಿ ಅದು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಈಗ ಗಾಳಕ್ಕೆ ಬೀಳುವುದು ಹೆಚ್ಚಾಗಿ ನೀಲಿ ರೆಕ್ಕೆಯದು. ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಮರಿ ಮಾಡಿಸಿ ಹೊಳೆಗೆ ಬಿಟ್ಟ ಜಾತಿ. ನೀರಿನೊಳಗೆ ಕಚ್ಚಿದ್ದು ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಮೀನನ್ನೂ ಕಿತ್ತಳೆ ರೆಕ್ಕೆಯದೇ ಎಂದುಕೊಂಡು ನೋಡಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳ ಪೂರ್ತಿ ನಿಲ್ಲಲಿ. ಮೊಟ್ಟೆ ತುಂಬಿದ ಮೀನು ಉಪಹೊಳೆಗಳ ಕಡೆ ಏರಿ ಹೋಗುವ ಕಾಲವದು. ಅಕ್ಟೋಬರ್, ನವೆಂಬರ್‌ನಲ್ಲಿ ನೀರು ಇನ್ನೂ ಮಬ್ಬಾಗಿರುವುದರಿಂದ ಕಪ್ಪು ಬಣ್ಣದ ದಪ್ಪ ಫ್ಲೈ, ಮುಳುಗುವ ತುದಿಯ ಲೈನ್ (ಎಸೆಯುವ ದಪ್ಪ ದಾರ) ಬೇಕಾಗುತ್ತದೆ. ತೊರೆ ಬಂದು ಹೊಳೆ ಸೇರುವಲ್ಲಿ ವೇಗದ ನೀರಿಗೂ ನಿಧಾನದ ನೀರಿಗೂ ನಡುವೆ ಒಂದು ಗೆರೆ ಕಾಣುತ್ತದೆ. ಮೀನು ಕಾಯುವುದು ಅಲ್ಲೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ಗಾಜಿನಂತಿರುತ್ತದೆ. ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, ಅಂದರೆ ಲೀಡರ್, 12 ಅಡಿಯಾದರೂ ಉದ್ದವಿರಬೇಕು, ಫ್ಲೈ ಸಣ್ಣದಿರಬೇಕು, ಮನುಷ್ಯನ ನೆರಳು ನೀರಿಗೆ ಬೀಳಬಾರದು.

ನಮ್ಮ ಚಿಂತೆಯಿರುವುದು ಮಾರ್ಚ್‌ನಿಂದ ಮೇವರೆಗಿನ ದಿನಗಳ ಬಗ್ಗೆ. ಹೊಳೆ ಬತ್ತಿ ಮೀನೆಲ್ಲ ಮಡುಗಳಲ್ಲಿ ಒಟ್ಟಾಗಿರುತ್ತದೆ. ಅತ್ತಿಹಣ್ಣು ಉದುರುವ ಮರದಡಿಯಲ್ಲಿ, ಮೊದಲ ಮಳೆಗೆ ಈಸಲು ಹುಳು ಎದ್ದ ಸಂಜೆಯಲ್ಲಿ, ಮೇಲ್ಮೈಗೆ ಬಂದು ಏನು ಹಾಕಿದರೂ ಕಚ್ಚುತ್ತದೆ. ಹಿಡಿಯಲು ಇಷ್ಟು ಸುಲಭವಾದ ಈ ಕಾಲವೇ ಮೀನಿಗೆ ಅತಿ ಕೆಟ್ಟದ್ದು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಸುಸ್ತಾದ ಮೀನಿಗೆ ಚೇತರಿಸಿಕೊಳ್ಳಲು ಬೇಕಾದ ಉಸಿರೇ ಅಲ್ಲಿ ಕಡಿಮೆ. ಆ ಮೂರು ತಿಂಗಳು ಬೆಳಗ್ಗೆ 9ರ ನಂತರ ಗಾಳ ಮಡಚಿಡಬೇಕು, ಮೀನು ಕಿಕ್ಕಿರಿದ ಮಡುಗಳನ್ನು ಮುಟ್ಟಲೇಬಾರದು.

ಟ್ರೌಟ್ ಮೀನು ಹಿಡಿಯುವ 5ನೇ ನಂಬರಿನ ಹಗುರ ರಾಡ್ (ನಂಬರ್ ಹೆಚ್ಚಿದಷ್ಟೂ ರಾಡ್ ಬಲವಾದದ್ದು) ತಂದು ‘ಮಜಾ’ ನೋಡುವವರಿದ್ದಾರೆ. ಅದರಲ್ಲಿ ದೊಡ್ಡ ಬಿಳಿ ಮೀನನ್ನು ಬೇಗ ಎಳೆದುಕೊಳ್ಳಲು ಆಗುವುದಿಲ್ಲ. ಮೀನು ಸುಸ್ತಾಗಿ ಸಾಯುತ್ತದೆ, ಇಲ್ಲವೇ ದಾರ ಹರಿದು ಕೊಕ್ಕೆಯನ್ನು ಬಾಯಲ್ಲೇ ಹೊತ್ತು ಹೋಗುತ್ತದೆ. 9 ಅಡಿಯ, 8 ಅಥವಾ 9ನೇ ನಂಬರಿನ ರಾಡ್, 150 ಮೀಟರ್ ಬ್ಯಾಕಿಂಗ್ (ಲೈನಿನ ಹಿಂದೆ ಸುತ್ತಿಡುವ ಹೆಚ್ಚುವರಿ ದಾರ) ಇರುವ ರೀಲ್, ಲೀಡರ್ ತುದಿಗೆ 16ರಿಂದ 20 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ದಾರ ಬೇಕು. ಪ್ರತಿ ಮೀನಿನ ನಂತರ ಆ ತುದಿಯನ್ನು ಉಗುರಿನ ನಡುವೆ ಎಳೆದು ನೋಡಿ. ತರಿತರಿ ಅನ್ನಿಸಿದರೆ ಅದು ಬಂಡೆಗೆ ಉಜ್ಜಿದೆ. ಒಂದು ಅಡಿ ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಕಚ್ಚಿದಾಗ ರಾಡ್ ಮೇಲೆತ್ತಬೇಡಿ, ಎಡಗೈಯಿಂದ ಲೈನನ್ನು ನೇರ ಎಳೆಯಿರಿ. ಮಹಶೀರ್ ಬಾಯಿ ಗಟ್ಟಿ. ತೆಳು ತಂತಿಯ ಕೊಕ್ಕೆಯನ್ನು ಅದು ಗಂಟಲ ಹಲ್ಲಿನಲ್ಲಿ ನುಜ್ಜುಗುಜ್ಜು ಮಾಡುತ್ತದೆ. ದಪ್ಪ ತಂತಿಯ ಒಂಟಿ ಕೊಕ್ಕೆಯೇ ಇರಲಿ, ತ್ರಿಶೂಲದಂಥದ್ದು ಬೇಡ. ತುದಿಯ ಹಿಮ್ಮುಖ ಮುಳ್ಳು, ಅಂದರೆ ಬಾರ್ಬನ್ನು, ಇಕ್ಕಳದಿಂದ ಒತ್ತಿ ಮಲಗಿಸಿ. ಸರಿಯಾಗಿ ಮಲಗಿದೆಯೇ ಎಂದು ನೋಡಲು ಹತ್ತಿ ಬಟ್ಟೆಗೆ ಚುಚ್ಚಿ ಹೊರಗೆಳೆಯಿರಿ. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಒತ್ತಬೇಕು.

ಮೊಬೈಲ್‌ಗಳಲ್ಲಿ ಓಡಾಡುವ ಫೋಟೊಗಳು ಸಂಕಟ ತರುತ್ತವೆ. ಕಿವಿರಿಗೆ ಬೆರಳು ಹಾಕಿ ಎದೆಮಟ್ಟಕ್ಕೆ ಎತ್ತಿದ ಮೀನು, ಬಿಸಿ ಮರಳಿನ ಮೇಲೆ ಮಲಗಿಸಿದ ಮೀನು. ಒಣ ಕೈ, ಒಣ ಮರಳು ತಾಗಿದಲ್ಲಿ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಸೋಂಕನ್ನು ತಡೆಯುವ ಹೊದಿಕೆಯೇ ಅದು. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಬೇಕು. ಫೋಟೊ ಬೇಕೇಬೇಕೆಂದರೆ 10 ಸೆಕೆಂಡ್ ಸಾಕು. ನಂತರ ತಲೆ ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ, ಹಿಂದಕ್ಕೆ ಮುಂದಕ್ಕೆ ತಳ್ಳಬೇಡಿ. ಬಾಲ ಬಡಿದು ತಾನಾಗಿ ಹೊರಟಾಗ ಕೈ ಬಿಡಿ.

ಇಷ್ಟನ್ನೂ ಪರ್ಮಿಟ್ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಬಹುದು. ಚೀಟಿ ಕೊಡುವ ಮೊದಲು ಕೊಕ್ಕೆಯನ್ನು ಬಟ್ಟೆಗೆ ಚುಚ್ಚಿ ನೋಡಲು ಒಂದು ನಿಮಿಷವೂ ಹಿಡಿಯುವುದಿಲ್ಲ. ಈ ಹಂಗಾಮಿನಿಂದಲೇ ಇದು ಶುರುವಾಗಲಿ.

– ಕಾವೇರಿ ತೀರದ ಫ್ಲೈ ಗಾಳಗಾರರು, ಕೊಡಗು